ಎರಡನೆಯ ಮಗ್ಗುಲು

ಸೂಜಿ ಇಳಿಯುತ್ತದೆ. ಮೊದಲು ಬರೀ ಚಿಟಪಟ,
ಒಲೆಗೆ ಹಸಿ ಬರ್ಚ್ ಸೌದೆ ಒಡ್ಡಿದ ಹಾಗೆ.
ಆಮೇಲೆ ಎಸ್ಕಿಲ್‌ನ ಆರ್ಗನ್:
ಮುಚ್ಚಿದ ಪ್ರಾರ್ಥನಾಮಂದಿರದಿಂದ ನೂರೈವತ್ತು ಕ್ರೋನಕ್ಕೆ ಕೊಂಡದ್ದು,
ಶ್ರುತಿಗಿಂತ ಕೂದಲೆಳೆ ಕೆಳಗೆ,
ಚೌಕಾಸಿಗೆ ಅದೇ ನೆಪ.

ಯೆಮ್ಟ್‌ಲ್ಯಾಂಡ್. ಎಪ್ಪತ್ಮೂರರ ಮಾರ್ಚ್.
ಹಾಲಿನ ಡೈರಿ ಮುಚ್ಚಿ ಎರಡು ವರ್ಷ.
ಬಿಳಿ ಹೆಂಚಿನ ಗೋಡೆ, ಮೂಲೆಯಲ್ಲಿ ಇನ್ನೂ ಹುಳಿವಾಸನೆ.
ನಾನು ಟೇಪು ತಿರುಗಿಸುವವ,
ಹೆಡ್‌ಫೋನಿನ ಮೇಲೆ ಉಣ್ಣೆಯ ಟೋಪಿ.

ಹಾಡಬೇಕಾದವಳು ಗುನ್ವೋರ್.
ಬರೆದಿಟ್ಟಿದ್ದಳು ಹದಿನಾಲ್ಕು ಹಾಳೆ, ನೀಲಿ ಶಾಯಿಯಲ್ಲಿ.
ಗುರುವಾರ ಪಡುವಣದ ರೈಲು ಹತ್ತಿ
ನಾರ್ವೆಯ ಮೀನು ಕಾರ್ಖಾನೆಗೆ ಹೊರಟುಹೋದಳು.
ಜಗಳವಿಲ್ಲ, ಕಣ್ಣೀರಿಲ್ಲ.
"ತಿಂಗಳು ತಿಂಗಳು ಸಂಬಳ ಕೊಡ್ತಾರಂತೆ," ಅಂದಳು ಅಷ್ಟೆ.
ಅವಳ ಎತ್ತರಕ್ಕೆ ನಿಲ್ಲಿಸಿದ್ದ ಮೈಕು ಹಾಗೇ ನಿಂತಿತ್ತು.
ಯಾರೂ ತಗ್ಗಿಸಲಿಲ್ಲ. ಯಾರೂ ಆರಿಸಲಿಲ್ಲ.

ಹಾಗಾಗಿ ಮಾತಿಲ್ಲ ಈ ತಟ್ಟೆಯಲ್ಲಿ.
ಟೋರ್ಸ್ಟೆನ್‌ನ ಕೀಲಿಪಿಟೀಲು ಇದೆ. ಬಿಲ್ಲು ಮುಟ್ಟುವುದು ನಾಲ್ಕೇ ತಂತಿ;
ಅಡಿಯಲ್ಲಿ ಹನ್ನೆರಡು
ಮುಟ್ಟಿಸಿಕೊಳ್ಳದೆಯೇ ಮಿಡಿಯುತ್ತವೆ.
ಅವನಜ್ಜ ಮದುವೆಗಳಲ್ಲಿ ನುಡಿಸುತ್ತಿದ್ದ ಪೋಲ್ಸ್ಕ ಕುಣಿತ,
ಮೂರು ಹೆಜ್ಜೆ, ನಡುವಿನದು ಕುಂಟು,
ಕುಡಿದವರಿಗಷ್ಟೇ ತಪ್ಪದೆ ಬರುವಂಥದು.
ಅದನ್ನು ಫಜ್ ಪೆಡಲಿನ ಗಾಣಕ್ಕೆ ಕೊಟ್ಟು,
ಪ್ರತಿಧ್ವನಿಯಲ್ಲಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ
ಹದಿನೇಳು ನಿಮಿಷ ಎಳೆದರು.
ಸೋಲ್ವೆ ಹಾಲಿನ ಕ್ಯಾನು ಬಡಿದ.
ಹೆಂಚಿನ ಗೋಡೆ ಉಸಿರಾಡಿದ್ದನ್ನು ನಾವು ನಾಲ್ವರೂ ಕಂಡೆವು.

ಏನು ಸೇವಿಸಿದ್ದಿರಿ, ಎಂದು ಕೇಳಿದ ಸ್ಟಾಕ್‌ಹೋಮಿನ ಪತ್ರಿಕೆಯವ.
ಕಾಫಿ. ಒಣರೊಟ್ಟಿ. ಮೂರು ರಾತ್ರಿಯ ಎಚ್ಚರ.

ಆ ಕಾಫಿ ತಂದವಳು ಯೋರ್ಡಿಸ್, ಟೋರ್ಸ್ಟೆನ್‌ನ ಅಜ್ಜಿ.
ಹಿಮ ಕೊಡವಿ, ಮೈಕನ್ನು ದಿಟ್ಟಿಸಿ,
"ಇದು ಯಾರಿಗೆ ಕಾದಿದೆ?" ಎಂದಳು.
ಯಾರೂ ಬಾಯಿ ಬಿಡಲಿಲ್ಲ.
ತುದಿಗಾಲಲ್ಲಿ ನಿಂತು ಅವಳೇ ಕೂಗಿದಳು,
ಬೇಸಿಗೆಯ ಮಲೆಯಿಂದ ದನಗಳನ್ನು ಇಳಿಸುವ ಕೂಗು,
ಸೂಜಿಯಷ್ಟು ಸಣ್ಣ, ಹರದಾರಿಯಷ್ಟು ಉದ್ದ.
ಹೊಳೆಯಾಚೆ, ಚಳಿಗಾಲದ ಕೊಟ್ಟಿಗೆಯಲ್ಲಿ,
ಯಾರದೋ ಹಸು ಅಂಬಾ ಎಂದಿತು.

ನಾನೋ, ಹೊಸ ಸುರುಳಿ ಪೋಣಿಸುತ್ತಿದ್ದೆ.
ಹಾರಿ ಗುಂಡಿ ಒತ್ತಿದೆ. ಥಂಡಿಗೆ ಅದು ಕಚ್ಚಿಕೊಂಡಿತು.
ಚಕ್ರ ಹಿಡಿದು ತಿರುಗುವ ಹೊತ್ತಿಗೆ
ಕೂಗು ಮುಗಿದು ಅಜ್ಜಿ ಬಟ್ಟಲು ಎಣಿಸುತ್ತಿದ್ದಳು.

ಈಗ ತಟ್ಟೆಯನ್ನು ಹೊರಳಿಸುತ್ತೇನೆ,
ಮಲಗಿದ ಮಗುವಿನ ಮಗ್ಗುಲು ಬದಲಿಸಿದಷ್ಟು ಮೆಲ್ಲಗೆ.
ಕೇಳಿ, ಮೊದಲ ಆರು ಸೆಕೆಂಡು:
ಬೆಂಚಿನ ಮೇಲೆ ಬಿಲ್ಲಿಲ್ಲದೆ ಮಲಗಿದ್ದ ವಾದ್ಯದ
ಹನ್ನೆರಡು ತಂತಿ
ತಾವು ಕೇಳಿದ್ದನ್ನು ಇನ್ನೂ ಬಿಡಲೊಲ್ಲವು.

ಅಚ್ಚಾದದ್ದು ಮುನ್ನೂರು ಪ್ರತಿ. ಒಂದು ನಾರ್ವೆಗೆ ಹೋಯಿತು.
ಜೂನಿನಲ್ಲಿ ಕಾರ್ಡು ಬಂತು, ನೀಲಿ ಶಾಯಿ:
"ಎರಡನೆಯ ಮಗ್ಗುಲಿನ ಶುರುವಿಗೆ ಇರುವುದು ನಾನಲ್ಲವೆ?
ಅದನ್ನು ಯಾವತ್ತು ಹಾಡಿದ್ದೆ?"
ಮೀನಿನ ವಾಸನೆ ಇತ್ತು, ಅಥವಾ ನನಗೆ ಹಾಗನಿಸಿತು.
ಚೀಟಿ ಸಾಲದೆ
ಅಂಚೆಯವನಿಗೆ ನಲವತ್ತು ಓರೆ ನಾನೇ ತೆತ್ತೆ.