ಡಿಮ್

ಹನ್ನೊಂದು ವರ್ಷದ ಕಾರು. ದೀಪಗಳಿಗೂ ಅಷ್ಟೇ ವಯಸ್ಸು.
ಗಾಜಿನ ಮೇಲೆ ಪೊರೆ,
ಮುದಿ ಎಮ್ಮೆಯ ಕಣ್ಣಿಗೆ ಬರುವಂಥದೇ.
ನಾನೇ ಎಷ್ಟು ಸಲ ರೆಪ್ಪೆ ಎತ್ತಿ ನೋಡಿ
ಇದಕ್ಕೆ ಔಷಧಿಯಿಲ್ಲ ಎಂದು ಹೇಳಿ ಬಂದಿದ್ದೇನೆ.

ಫೋನು ಬರುವುದು ರಾತ್ರಿ ಒಂದೂವರೆಗೆ.
"ಒಂದೇ ಕಾಲು ಬಂದಿದೆ, ತಲೆ ಸಿಕ್ತಿಲ್ಲ."
ರಾಯಲ್ಪಾಡಿನ ರಸ್ತೆಗೆ ಎರಡೂ ಬದಿ ಮಾವಿನ ತೋಪು,
ನಡುವೆ ನನ್ನ ಹಳದಿ ಬೆಳಕು
ಹತ್ತು ಮಾರು ನಡೆದು ಸುಸ್ತಾಗಿ ಕೂರುತ್ತದೆ.
ಮುಂದಿನದು ಹೊಂಡವೋ ಮಲಗಿದ ನಾಯಿಯೋ
ಚಕ್ರವೇ ಹೇಳಬೇಕು.

ಶ್ರೀನಿವಾಸಪುರ, ಬಸ್ ಸ್ಟ್ಯಾಂಡಿನ ಹಿಂದೆ ಜಬೀವುಲ್ಲಾನ ಅಂಗಡಿ.
"ಹಳೇದು ಅರವತ್ತು-ಐವತ್ತೈದು ಮೇಡಂ,
ನೂರು-ತೊಂಬತ್ತು ಹಾಕ್ತೀನಿ.
ಇದ್ದ ವೈರು ತಾಳಲ್ಲ, ರಿಲೇ ಕೂರಿಸ್ಬೇಕು."
ಬಲ್ಬಿನ ಗಾಜು ಮುಟ್ಟಬಾರದಂತೆ.
ಬೆರಳ ಜಿಡ್ಡು ತಾಗಿದ ಕಡೆಯೇ ಕಾದು ಸೀಳುತ್ತದಂತೆ.
ಅಂಗಿಯ ಅಂಚಿನಲ್ಲಿ ಹಿಡಿದು ಕೂರಿಸಿದ,
ಕೆಚ್ಚಲು ಸಿಗದ ಕರುವಿನ ಮೂತಿಯನ್ನು ನಾನು ಹಿಡಿಯುವ ಹಾಗೆ.
"ಸಂಜೆ ಬನ್ನಿ. ಗೋಡೆಗೆ ಬಿಟ್ಟು ಲೆವೆಲ್ ನೋಡ್ಬೇಕು,
ಹಗಲಲ್ಲಿ ಆಗಲ್ಲ."

ಸಂಜೆ ನಾನು ಹೋಗಲಿಲ್ಲ.
ಕಾಲುಬಾಯಿ ಜ್ವರದ ಲಸಿಕೆ ಎಣಿಸುತ್ತ ಕೂತಿದ್ದೆ.

ಆ ರಾತ್ರಿ, ಏನು ಬೆಳಕದು!
ಮಾವಿನೆಲೆಯ ಮೇಲಿನ ಧೂಳು ಕಂಡಿತು.
ಮೈಲಿಗಲ್ಲಿಗೆ ಯಾರೋ ಬಳಿದ ಅರಿಶಿನ,
ಮೊಲದ ಕಿವಿಯೊಳಗಿನ ಗುಲಾಬಿ ಬಣ್ಣ.
ಒಂಬತ್ತು ವರ್ಷ ಓಡಾಡಿದ ರಸ್ತೆಯನ್ನು ಮೊದಲ ಸಲ ನೋಡಿದೆ,
ನಾಲ್ಕನೇ ಗೇರಿಗೆ ಹಾಕಿದೆ.

ಎದುರಿಂದ ಒಂದೇ ದೀಪ. ಟಿವಿಎಸ್.
ಡಿಮ್ ಮಾಡಿದೆ.
ಡಿಮ್ಮಲ್ಲೂ ತೊಂಬತ್ತು, ಅದೂ ಆಕಾಶ ನೋಡುವ ತೊಂಬತ್ತು.
ಆ ಒಂಟಿ ದೀಪ ಅಲ್ಲಾಡಿತು, ತೋಪಿನ ಕಡೆ ವಾಲಿತು,
ಆರಿತು.

ಇಳಿದು ಓಡಿದೆ.
ಮೋರಿಯ ಪಕ್ಕ, ಲುಂಗಿ ತುಂಬ ಜಾಲಿಮುಳ್ಳು,
ಗಂಗುಲಪ್ಪ. ಫೋನು ಮಾಡಿದವನೇ.
ನನಗೆ ತಿರುವು ತಪ್ಪದಿರಲಿ ಅಂತ ಎದುರು ಬಂದವನು.
"ಎವರು?" ಅಂದ, ಕಣ್ಣಿಗೆ ಅಂಗೈ ಅಡ್ಡ ಹಿಡಿದು,
ನಾನಿಲ್ಲದ ದಿಕ್ಕಿಗೆ ತಿರುಗಿ.
ಆಮೇಲೆ ಕನ್ನಡದಲ್ಲಿ:
"ಡಾಕ್ಟ್ರಮ್ಮನಾ? ಲಾರಿ ಅಂದ್ಕೊಂಡೆ."

ಮಿಕ್ಕ ದಾರಿ ಪಾರ್ಕಿಂಗ್ ದೀಪದಲ್ಲಿ,
ಅವನ ಗಾಡಿಯ ಕೆಂಪು ಚುಕ್ಕಿಯ ಹಿಂದೆ.

ಕೊಟ್ಟಿಗೆಯ ಬಲ್ಬು ಸುಟ್ಟುಹೋಗಿತ್ತು.
"ಕಾರಿನ ಲೈಟು ಬಿಡಿ" ಅಂದರು. ಬಿಟ್ಟೆ.
ಹಸು ಬೆಚ್ಚಿ ಗೂಟ ಕೀಳಹೊರಟಿತು. ಆರಿಸಿದೆ.
ಸೊಸೆ ಮೊಬೈಲು ತಂದು
ಅದರ ಬೆಳಕಿಗೂ ಸೆರಗು ಮುಚ್ಚಿ ಹಿಡಿದಳು.
ಮಿಕ್ಕದ್ದು ಕೈಗೆ ಗೊತ್ತು.
ಭುಜದವರೆಗೆ ಇಳಿಸಿದೆ:
ಬಿಸಿ ಕತ್ತಲಲ್ಲಿ ಗೊರಸು, ಮೊಣಕಾಲು,
ಹಿಂದಕ್ಕೆ ಮಡಚಿಕೊಂಡ ಕುತ್ತಿಗೆ,
ಬಹಳ ಹೊತ್ತಿನ ಮೇಲೆ ಮೂತಿ.
ಇನ್ನೂ ಹುಟ್ಟದ ನಾಲಿಗೆ ನನ್ನ ಬೆರಳು ಚೀಪಿತು.

ಮಾರನೆಯ ಸಂಜೆ, ಜಬೀವುಲ್ಲಾನ ಗೋಡೆ.
ಹನ್ನೆರಡು ಹೆಜ್ಜೆ ದೂರ ಕಾರು ನಿಲ್ಲಿಸಿ
ಸೀಮೆಸುಣ್ಣದಲ್ಲಿ ಗೀಟೆಳೆದ.
"ಇದರ ಕೆಳಗಿಂದು ನಿಮ್ದು. ಮೇಲಿಂದು ಎದುರಿನೋರ್ದು."
ನೂರು-ತೊಂಬತ್ತು ತೆಗೆಸಿದೆ.
ಹೊಸ ಅರವತ್ತು-ಐವತ್ತೈದು, ರಿಲೇ ಇರಲಿ.
ಗಾಜಿನ ಪೊರೆ ಉಜ್ಜಿದ, ಅರ್ಧ ಬೆಳಕು ಅದರ ಹಿಂದೆಯೇ ಕೂತಿತ್ತು.
ಎಮ್ಮೆಗಿಲ್ಲದ ಔಷಧಿ, ನೋಡಿ, ಗಾಜಿಗಿದೆ.
"ಅವತ್ತೇ ಬರಬೇಕಿತ್ತು ಮೇಡಂ" ಅಂದ.
ಹೌದು.

ನಿನ್ನೆ ರಾತ್ರಿ ಮದನಪಲ್ಲಿ ಕಡೆಯಿಂದ
ಟೊಮೇಟೊ ಲಾರಿಯೊಂದು ಬಂತು.
ಡಿಮ್ ಮಾಡಿದೆ. ಅವನು ಮಾಡಲಿಲ್ಲ.
ರಸ್ತೆ ಬೆಳ್ಳಗಾಗಿ ಅಳಿಸಿಹೋಯಿತು.
ಎಡದ ಗೆರೆ ಎಲ್ಲಿತ್ತೋ ಅಲ್ಲಿ ಇದೆ ಎಂದು ನಂಬಿ
ಸ್ಟೀರಿಂಗು ಗಟ್ಟಿ ಹಿಡಿದೆ.
ಆ ಎರಡು ಸೆಕೆಂಡು ನಾನು ಗಂಗುಲಪ್ಪ,
ಪಕ್ಕದಲ್ಲೇ ಎಲ್ಲೋ ಜಾಲಿಮುಳ್ಳು.