ಅಗಸಗಿತ್ತಿ ಮಾರ್ಸೆಲೆ ಹೇಳಿದ್ದು

ಬರೆದುಕೊಳ್ಳಿ, ಬೇಡವೆನ್ನುವುದಿಲ್ಲ.
ಆದರೆ ನನ್ನ ಬಾಯಿಂದ ಸಂತರ ಕಥೆ ಹೊರಡುವುದಿಲ್ಲ.
ಇಪ್ಪತ್ತಾರು ವರ್ಷ ಬಿಷಪ್ ಗಿರ್ದ್ವೈನಿಸರ
ಕೊಳೆ ಒಗೆದವಳು ನಾನು.
ಶೆಶುಪೆ ಹೊಳೆ ಹೆಪ್ಪುಗಟ್ಟಿದರೆ ಕೊಡಲಿಯಿಂದ ತೂತು ಕೊರೆದು
ಬೂದಿನೀರಲ್ಲಿ ಬೆಂದ ಬಟ್ಟೆ ಜಾಲಿಸಿದವಳು.
ಒಬ್ಬನ ಕಾಲರು ಹೇಳುವಷ್ಟು
ಅವನ ಪಾಪನಿವೇದನೆಯೂ ಹೇಳುವುದಿಲ್ಲ.

ಅವರ ನಿಲುವಂಗಿಗೆ ಮೂವತ್ತಮೂರು ಗುಂಡಿ.
ಎದೆಯ ಮೇಲಿನ ಐದನೆಯದು ಸದಾ ಸಡಿಲ,
ಮಾತಾಡಲು ನಿಂತಾಗ ಅದನ್ನೇ ತಿರುವುತ್ತಿದ್ದರಂತೆ.
ನಾನು ಹೊಲಿದೆ, ಅವರು ತಿರುವಿದರು.
ದೇಶಕ್ಕೆ ಸ್ವಾತಂತ್ರ್ಯ ಬಂತು.
ಮತ್ತೆ ಹೊಲಿದೆ.

ಜೇಬು ತಡಕದೆ ನೀರಿಗೆ ಹಾಕಬಾರದು,
ಅದನ್ನು ಕಲಿತದ್ದು ಮೊದಲ ವರ್ಷವೇ.
ಗಂಜಿಯ ಹಾಗೆ ಕಾಗದದ ಮುದ್ದೆ ಬಂತು,
ನೀರೆಲ್ಲ ನೇರಳೆ.
ಅಡುಗೆಯವಳು ಎದೆ ಬಡಿದುಕೊಂಡಳು: ಕವಿತೆ ಕಣೇ ಅದು!
ನಡುಗುತ್ತ ಹೋಗಿ ನಿಂತೆ.
ಬಿಷಪ್ಪರು ಮುದ್ದೆಯನ್ನು ಮೂಸಿ ನೋಡಿದರು.
'ನಾಲ್ಕನೇ ಸಾಲು ಕುಂಟುತ್ತಿತ್ತು, ಹೋಗಲಿ' ಎಂದರು.
ಆಮೇಲೆ ಮೆಲ್ಲಗೆ,
'ಮೊದಲನೆಯದು ಉಳಿದಿದೆಯೇನು, ನೋಡು ಮಾರ್ಸೆಲೆ.'
ನನಗೆ ಅಕ್ಷರ ಬಾರದೆಂದು
ಅವರಿಗೆ ಗೊತ್ತಾದದ್ದು ಆಗಲೇ.

ಕಲಿಸುತ್ತೇನೆ ಅಂದರು. ಬೇಡ ಅಂದೆ.
ಓದು ಬಂದರೆ, ನಿಮ್ಮ ಜೇಬು ತಡಕುವ ಈ ಕೈ
ಕಳ್ಳನ ಕೈಯಾಗುತ್ತದೆ.
ಕೆಮ್ಮು ಬರುವವರೆಗೆ ನಕ್ಕರು.

ಅವರಮ್ಮ ಅಗಸೆ ನಾರು ಬಡಿಯುತ್ತಿದ್ದವಳು.
ಝಾರ್ ದೊರೆ ನಮ್ಮ ಲಿಪಿಯನ್ನೇ ಸೆರೆಗೆ ಹಾಕಿದ್ದ ಕಾಲ.
ಪ್ರಾರ್ಥನೆ ಪುಸ್ತಕ ಬಚ್ಚಿಟ್ಟದ್ದು ಜೇನುಪೆಟ್ಟಿಗೆಯಲ್ಲಿ,
ಓದಬೇಕಾದರೆ ಹುಡುಗ ಕಡಿಸಿಕೊಳ್ಳಬೇಕು.
ಇದು ಅವರೇ ಹೇಳಿದ್ದು;
ಕವಿಗಳ ಮಾತು, ಎಷ್ಟು ಬೇಕೋ ಅಷ್ಟು ನಂಬಿ.

ಕೌನಸ್‌ನ ಸಂಸತ್ತಿನಿಂದ ಮರಳಿದ ಬಟ್ಟೆಗೆ ಬೇರೆಯೇ ವಾಸನೆ:
ಯಾರದೋ ಸಿಗಾರು, ರೈಲಿನ ಮಸಿ.
ಎಡಜೇಬಲ್ಲಿ ಭಾಷಣ, ಮಡಿಕೆ ನೇರ, ಮೂಲೆ ಚೂಪು.
ಕವಿತೆಯಾದರೆ ಎಂಟಾಗಿ ಮಡಿಸಿ ಒಳಗೆಲ್ಲೋ ತುರುಕಿದ್ದು,
ಬಿಚ್ಚಿದ ಗುರುತು, ಮತ್ತೆ ಮಡಿಸಿದ ಗುರುತು.
ಓದದೆಯೂ ಬೇರೆ ಮಾಡಬಲ್ಲೆ.

ಆ ಚಳಿಗಾಲ ಜಮೀನಿನ ಮಸೂದೆ.
ದೊಡ್ಡಮನೆಗಳ ನೆಲ ಹಂಚಬೇಕು, ಚರ್ಚಿನದೂ ಸೇರಿ.
ಹಂಚಿ, ಎಂದು ಬಿಷಪ್ಪರು ಕೈ ಎತ್ತಿದರು.
ತಿರುಗಿ ಬಂದ ರಾತ್ರಿ ಹಿರಿಯ ಪಾದ್ರಿಗಳು ಊಟದ ಮೇಜಿನಿಂದ ಎದ್ದರು.
ಯಾರದೋ ಮೊಣಕೈಗೆ ತಗುಲಿ ಬೀಟ್‌ರೂಟ್ ಸಾರು ಉರುಳಿತು.
ಮೇಜುಬಟ್ಟೆಯನ್ನು ಮೂರು ಸಲ ಬೇಯಿಸಿದೆ,
ಕಲೆ ಹೋಗಲಿಲ್ಲ. ಈಗಲೂ ಇದೆ, ಕೇಳಿ ನೋಡಿ.

ನಮ್ಮಣ್ಣನಿಗೂ ನೆಲ ಸಿಕ್ಕಿತು,
ಬಿಷಪ್ಪರ ಹುಲ್ಲುಗಾವಲಿನ ಅಂಚಿನ ಜವುಗು.
ಬೈಯುತ್ತಲೇ ಉತ್ತ.
ಬೈಯುತ್ತಲೇ ಓಟು ಹಾಕಿದ, ಬೇರೆ ಪಕ್ಷಕ್ಕೆ.
ತಡೆಯದೆ ಹೇಳಿಬಿಟ್ಟೆ ಅವರಿಗೆ.
'ಆಲೂಗಡ್ಡೆ ಬಂತೆ?' ಎಂದಷ್ಟೇ ಕೇಳಿದರು.

ರೋಮಿನಿಂದ ಪತ್ರ ಬಂದ ಮೇಲೆ ಒಳಜೇಬು ಬರಿದು.
ಎರಡು ವರ್ಷ ತಡಕಿದೆ:
ಕರವಸ್ತ್ರ, ಕೆಮ್ಮಿನ ಗುಳಿಗೆ,
ಒಮ್ಮೆ, ಯಾಕೋ, ಒಂದು ಓಕ್ ಕಾಯಿ.

ಮಾರ್ಚಿನಲ್ಲಿ, ಹೊಳೆಯ ಮಂಜು ಬಿರಿಯುತ್ತಿದ್ದ ರಾತ್ರಿ ಹೋದರು.
ಕೊನೆಯ ಅಂಗಿ ನನ್ನ ಕೈಗೆ ಬಂತು.
ಮಲಗುವ ಅಂಗಿ, ಅದಕ್ಕೆ ಜೇಬಿಲ್ಲ,
ಹಾಗಾಗಿ ತಡಕಲಿಲ್ಲ. ಬೂದಿನೀರು ಕುದಿಯುತ್ತಿತ್ತು.
ಮುಳುಗಿಸಬೇಕು, ಅಷ್ಟರಲ್ಲಿ ಕಂಡೆ,
ಎಡತೋಳಿನ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಒಂದು ಸಾಲು.

ಕತ್ತರಿಸಿ ಇಟ್ಟುಕೊಂಡೆ.
ಕಳ್ಳತನವೇ.
ಯಾವ ಪಾದ್ರಿಗೂ ಹೇಳಿಲ್ಲ.

ನೀವು ಬಂದದ್ದು ಅದಕ್ಕೇ, ಗೊತ್ತು. ತೋರಿಸುವುದಿಲ್ಲ.
ಕವಿತೆಯಿರಬಹುದು. ವೈದ್ಯರ ಬಾಕಿಯಿರಬಹುದು.
ಹೊಲದಲ್ಲಿ ಮಗುಚಿದ ಹುಲ್ಲುಬಂಡಿಯ ಹಾಗಿದೆ ಶುರು,
ಆಮೇಲೆ ಪುಟ್ಟ ಪುಟ್ಟ ಕಾಲು, ಓಡುತ್ತವೆ,
ತುದಿಯಲ್ಲೊಂದು ಕೊಕ್ಕೆ ಮೇಲಕ್ಕೆ,
ಒದ್ದೆಯದೇನನ್ನೋ ನೇತುಹಾಕಲೆಂದು ಬಿಟ್ಟ ಹಾಗೆ.

ಗುಂಡಿಯೂ ಇದೆ, ಆ ಐದನೆಯದು.
ಬೇಕಾದರೆ ಅದನ್ನು ನೋಡಿ.