ನಾಲಿಗಿ ತೋರ್ಸು

"ನಾಲಿಗಿ ತೋರ್ಸು" ಅಂದ್ಳು ಫಕ್ಕೀರವ್ವ.
ಮಗಳು ತೋರ್ಸಿದ್ಳು.
ಅಲ್ಲಿ ನನ್ನ ಗಾಡಿ ಬಣ್ಣ ಕುಂತಿತ್ತು,
ಬಾಯಿ ಮುಕ್ಕಳಿಸಿದ್ರೂ ಹೋಗದ ಕಿತ್ತಳಿ.

ಮುಳಗುಂದ ನಾಕಾದಾಗ ನಂದೊಂದು ಗೋಬಿ ಗಾಡಿ.
ಸಂಜಿ ಐದಕ್ಕ ಒಲಿ ಹಚ್ಚಿದ್ರ
ಹತ್ತರ ತನಕ ಕೈಗೆ ಬಿಡುವಿಲ್ಲ.
ಹಿಟ್ಟಿಗೆ ಒಂದು ಚಿಟಿಕಿ ಕೆಂಪು, ಒಂದು ಚಿಟಿಕಿ ಹಳದಿ,
ಮ್ಯಾಲೊಂದು ಚಮಚ ಬಿಳೀ ರುಚಿಪುಡಿ.
ಡಬ್ಬಿ ಮ್ಯಾಲೆ ಬರದದ್ದು ನಾ ಓದಿಲ್ಲ.
ಇರುವಿ ಕಾಲಿನಂಥಾ ಅಕ್ಷರ;
ಬರದವಗೂ ಓದಸೂ ಮನಸಿರಲಿಲ್ಲೇನೋ.

ಬೆಟಗೇರಿಯಾಗ ನಮ್ಮಪ್ಪ ನೂಲಿಗೆ ಬಣ್ಣ ಹಾಕಾಂವ.
ಮೊಣಕೈ ತನಕ ನೀಲಿ.
ಸೀಗಿಪುಡಿ ಹಚ್ಚಿ, ಬೂದಿ ಹಚ್ಚಿ ತಿಕ್ಕಿದ್ರೂ ನೀಲಿ.
ಆ ಕೈಲೇ ರೊಟ್ಟಿ ಮುರೀತಿರಲಿಲ್ಲ ಅಂವ,
ಅವ್ವ ತುತ್ತು ಮಾಡಿ ಬಾಯಿಗಿಡತಿದ್ಳು.
"ಉಡೂ ಬಣ್ಣ ಬ್ಯಾರೆ, ಉಣ್ಣೂ ಬಣ್ಣ ಬ್ಯಾರೆ" ಅಂತಿದ್ದ.
ಮಗ್ಗದ ಸಪ್ಪಳದಾಗ ನನಗದು ಕೇಳಿರಲಿಲ್ಲ.

ಬನಶಂಕರಿಗೆ ಈಗ ಏಳು.
ಉಳದ ತುಣುಕು ದಿನಾ ತಿಂದು
ಮೈತುಂಬ ದದ್ದು, ರಾತ್ರಿಯೆಲ್ಲಾ ತುರಸೂದು.
ಗುಳಿಗಿ ಬರಕೊಡೂವಾಗ ಡಾಕ್ಟರು ಕೇಳಿದ್ರು,
"ಏನೇನು ತಿಂತಾಳ?"
ರೊಟ್ಟಿ, ಪಲ್ಯ, ಮಸರು ಅಂದೆ.

ಫಕ್ಕೀರವ್ವ ಡೋಣಿಯಾಕಿ.
ಬುಧವಾರಕ್ಕೊಮ್ಮೆ ಬಸ್ಸಿಗೆ ಬರತಾಳ
ಕಪ್ಪತಗುಡ್ಡಾನ ಉಡಿಯಾಗ ಕಟಿಗೊಂಡು:
ಅಮೃತಬಳ್ಳಿ, ಸೊಗದಿ ಬೇರು,
ಒದ್ದಿ ಅರಿವ್ಯಾಗ ಸುತ್ತಿದ ನೆಲನೆಲ್ಲಿ.
ಕಲ್ಲಿನ ಮ್ಯಾಲೆ ಅರದ್ಳು.
ಹಸರು ಅಂದ್ರ ಏನಂತ ಅವತ್ತು ನೋಡಿದೆ;
ಅಂಥಾದ್ದು ಯಾವ ಡಬ್ಬಿಯಾಗೂ ಬರೂದಿಲ್ಲ.
ಮಜ್ಜಿಗ್ಯಾಗ ಕಲಸಿ ಕುಡಿಸಿದ್ಳು.
ಬನಿ ಮಾರಿ ಸೊಟ್ಟ ಮಾಡಿದ್ಳು: "ಕಹಿ!"
"ಕಹಿ ಇದ್ದದ್ದು ತಾ ಕಹಿ ಅಂತ ಹೇಳತೈತಿ, ಮಗಾ.
ನಿಮ್ಮಪ್ಪನ ಡಬ್ಬಿ ಹೇಳತೈತೇನು?"

ನನ್ನದು ಯಾಪಾರದವನ ಬುದ್ಧಿ. ಕೇಳೇಬಿಟ್ಟೆ:
"ಯವ್ವಾ, ಈ ರಸಾ ನಾಕು ಹನಿ ಹಿಟ್ಟಿಗೇ ಹಾಕಿದ್ರ?
ಬಣ್ಣದ ಬಾಧಿ ಅಲ್ಲೇ ಹೊಡದ್ಹೋಗೂದಿಲ್ಲೇನು?
ಬೋರ್ಡ್ ಬರಸತೀನಿ, ಗಿಡಮೂಲಿಕಿ ಗೋಬಿ ಅಂತ."
ಅಕಿ ನಗಲಿಲ್ಲ.
ಕಲ್ಲು ತೊಳದ್ಳು, ಕೈ ತೊಳದ್ಳು, ಸೆರಗಿಗೆ ಒರಸಿಕೊಂಡ್ಳು.
"ತಮ್ಮಾ, ಗುಡ್ಡ ಅಂದ್ರ ನಿನ್ನ ಗಾಡಿ ಒರಸೂ ಅರಿವಿ ಅಲ್ಲ.
ಇದರ ಕೈಲಾದಷ್ಟು ಇದು ಮಾಡೀತು.
ಹಾಕೂದು ಬಿಡು ಮೊದಲ, ಆಮ್ಯಾಲೆ ಅಳಸೂದು ಕೇಳು.
ನಮ್ಮವ್ವನ ಕಾಲಕ್ಕ ತಾಸಿನ್ಯಾಗ ಉಡಿ ತುಂಬತಿತ್ತು,
ನಾ ಈಗ ಹೊತ್ತು ನೆತ್ತಿಗೆ ಬರೂ ತನಕ ಬಗ್ಗತೀನಿ.
ಊರಿನ ನಾಲಿಗಿಯೆಲ್ಲಾ ತೊಳಿಯಾಕ
ಎಷ್ಟು ಎಲಿ ಅದಾವು ಅಂತ ತಿಳದಿ?"

ಮರುದಿನ ಡಬ್ಬಿ ಬಿಸಾಕಿದೆ ಅಂದ್ರ ಅದೂ ಸುಳ್ಳು.
ಗಾಡಿ ಕೆಳಗ ಸರಿಸಿಟ್ಟೆ, ಬೇಕಾದೀತು ಅಂತ.
ಬ್ಯಾಡಗಿ ಮೆಣಸಿನಕಾಯಿ ನೆನಸಿ ಅರದೆ.
ಬಂತು ಕೆಂಪು, ಆದ್ರ ಮಾನ ಮರ್ಯಾದಿ ಇದ್ದ ಕೆಂಪು,
ಹಾದಿ ಮ್ಯಾಲೆ ಹೋಗೋರನ್ನ ಕೂಗಿ ಕರಿಯೂದಲ್ಲ.
"ಅಣ್ಣಾ, ನಿನ್ನ ಗೋಬಿಗೆ ಜ್ವರಾ ಬಂದಾವೇನು?"
ಕಾಲೇಜ್ ಹುಡುಗ್ರು ನಕ್ಕೋತ
ಬಾಜೂ ಗಾಡಿಗೆ ಹೋದ್ರು.
ಅರ್ಧ ಬುಟ್ಟಿ ಹಂಗ ಉಳೀತು.
ಹೆಣ್ತಿ ರೊಕ್ಕಾ ಎಣಿಸಿ, ಮತ್ತೊಮ್ಮೆ ಎಣಿಸಿ,
ದೀಪಾ ಆರಿಸಿದ್ಳು.

ಈ ವಾರ ಬನಿ ತುರಸದ ಮಲಗ್ಯಾಳ.
ಎಲಿಯಿಂದೋ, ಗುಳಿಗಿಯಿಂದೋ,
ತುಣುಕು ತಿನ್ನೂದು ತಪ್ಪಿದ್ದಕ್ಕೋ,
ನನಗ ಗೊತ್ತಿಲ್ಲ. ಫಕ್ಕೀರವ್ವನೂ
ಗೊತ್ತೈತಿ ಅನ್ನಲಿಲ್ಲ.

ಮುಂಜಾನೆ ಕನ್ನಡಿ ಮುಂದ ನಾಲಿಗಿ ಚಾಚಿ
ತಾನ ತಪಾಸಣಿ ಮಾಡಿಕೊಂಡ್ಳು.
ಆಮ್ಯಾಲೆ ನನ್ನ ಕಡೆ ತಿರುಗಿ
"ಅಪ್ಪಾ, ನೀ ತೋರ್ಸು" ಅಂದ್ಳು.
ತೋರ್ಸಿದೆ.
ಬೆರಳಲೆ ಗದ್ದಾ ಹಿಡದು, ಬೆಳಕಿಗೆ ಎತ್ತಿ ನೋಡಿದ್ಳು.

"ನಿಂದು ಮೊದಲಿಂದ ಸ್ವಚ್ಛ ಐತಲ್ಲ."

ಹೌದು.
ಹನ್ನೊಂದು ವರ್ಷದಾಗ ಒಂದು ತುಣುಕೂ
ನಾ ಬಾಯಿಗಿಟ್ಟಾಂವಲ್ಲ.